ಅತಿಥಿ ಶಿಕ್ಷಕರ ಕೆಲಸ: ನೀವು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರದ್ದೇ, ಅಂದರೆ ಖಾಲಿ ಹುದ್ದೆಯಲ್ಲಿ ಗೌರವಧನಕ್ಕೆ ತಾತ್ಕಾಲಿಕವಾಗಿ ಪಾಠ ಮಾಡುವವರದ್ದೇ. ಅದಕ್ಕೇ ಈ ಕಂತು ಪೂರ್ತಿ ಅವರಿಗೆ ಬಿಟ್ಟಿದ್ದೇವೆ.

ಪ್ರಶ್ನೆ: ಬಿ.ಎಡ್ ಮುಗಿಸಿ ಮನೆಯಲ್ಲಿದ್ದೇನೆ. ಪಕ್ಕದ ಊರಿನ ಸರ್ಕಾರಿ ಪ್ರೌಢಶಾಲೆಗೆ ಗಣಿತ ಹೇಳಿಕೊಡಲು ಅತಿಥಿ ಶಿಕ್ಷಕಿಯಾಗಿ ಬನ್ನಿ ಅಂತ ಹೆಡ್‌ಮಾಸ್ಟರ್ ಕರೆದಿದ್ದಾರೆ. ಮನೆಯವರು ‘ಅಷ್ಟು ದುಡ್ಡಿಗೆ ಯಾಕೆ ಹೋಗ್ತೀಯ’ ಅಂತಾರೆ. ಸೇರಲಾ? (ಓದುಗಿ, ಸಿಂಧನೂರು)

ಉತ್ತರ: ಸೇರಿ. ಆದರೆ ಲೆಕ್ಕ ತಿಳಿದುಕೊಂಡು ಸೇರಿ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಗೌರವಧನ ಪ್ರಾಥಮಿಕ ಶಾಲೆಗೆ ತಿಂಗಳಿಗೆ 12,000, ಪ್ರೌಢಶಾಲೆಗೆ 12,500. ಅದು ತಿಂಗಳು ತಿಂಗಳು ಕೈಗೆ ಬರುತ್ತೆ ಅಂತ ಮಾತ್ರ ನಂಬಿಕೊಂಡು ಕೂರಬೇಡಿ. ಅನುದಾನ ಬಿಡುಗಡೆಯಾಗಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ದಾಟಿ ನಿಮ್ಮ ಖಾತೆ ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಎರಡು ಮೂರು ತಿಂಗಳದ್ದು ಒಟ್ಟಿಗೆ ಸೇರಿರುತ್ತೆ. ಅಷ್ಟು ದಿನ ಬಸ್ ಚಾರ್ಜು ನಿಮ್ಮದೇ. ಬೇಸಿಗೆ ರಜೆಗೆ ದುಡ್ಡಿಲ್ಲ, ಪಿಂಚಣಿ ಇಲ್ಲ, ಜೂನ್‌ನಲ್ಲಿ ಮತ್ತೆ ಹೊಸದಾಗಿ ಅರ್ಜಿ. ಇನ್ನೊಂದು ವಿಷಯ ಮನೆಯವರಿಗೂ ಹೇಳಿಡಿ: ಕಾಯಂ ಶಿಕ್ಷಕರು ಆ ಹುದ್ದೆಗೆ ವರ್ಗವಾಗಿ ಬಂದರೆ ನೀವು ಬಿಡಬೇಕಾಗುತ್ತೆ, ಆಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಿಂಗಳಷ್ಟೇ ಉಳಿದಿದ್ದರೂ ಸರಿ.

ಇಷ್ಟೆಲ್ಲ ಗೊತ್ತಿದ್ದೂ ಸೇರಿ ಅಂತಿರೋದು ಯಾಕೆಂದರೆ, ನಿಮ್ಮ ಕಡೆ ಹತ್ತನೇ ಕ್ಲಾಸಿಗೆ ಗಣಿತದ ಮೇಷ್ಟ್ರೇ ಇಲ್ಲದೆ ಅರ್ಧ ವರ್ಷ ಕಳೆಯುವ ಶಾಲೆಗಳಿವೆ. ಆ ಮಕ್ಕಳಿಗೆ ನೀವು ಕಾಯಂ ಶಿಕ್ಷಕಿಯಾ, ಅತಿಥಿನಾ ಅನ್ನೋದು ಮುಖ್ಯವೇ ಅಲ್ಲ. ಮತ್ತೆ, ಐವತ್ತು ಮಕ್ಕಳ ಮುಂದೆ ನಿಂತು ಪಾಠ ಮಾಡುವುದು ಬಿ.ಎಡ್ ಕಾಲೇಜಿನಲ್ಲಿ ಬರುವ ವಿದ್ಯೆ ಅಲ್ಲ. ಒಂದು ಷರತ್ತು ಮಾತ್ರ: ಸಂಜೆಯ ಒಂದೆರಡು ಗಂಟೆಯನ್ನು ಕಾಯಂ ನೇಮಕಾತಿಯ ಪರೀಕ್ಷೆ ತಯಾರಿಗೆ ಎತ್ತಿಡಿ. 6ರಿಂದ 8ನೇ ತರಗತಿಯ ಕಾಯಂ ಹುದ್ದೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಪಾಸಾಗಿರಬೇಕು. 150ಕ್ಕೆ ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಸಿಗುವ 371(ಜೆ) ಪ್ರಮಾಣಪತ್ರವನ್ನೂ ಈಗಲೇ ಮಾಡಿಸಿಟ್ಟುಕೊಳ್ಳಿ, ನೇಮಕಾತಿ ಕರೆದಾಗ ಓಡಾಡೋದು ತಪ್ಪುತ್ತೆ.

ಪ್ರಶ್ನೆ: ನನಗೆ ಒಂದರಿಂದ ಮೂರನೇ ತರಗತಿಯ ನಲಿಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಕೊಟ್ಟಿದ್ದಾರೆ. ತರಬೇತಿ ಕೊಟ್ಟಿಲ್ಲ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಎಲ್ಲಿಂದ ಶುರು ಮಾಡಲಿ? (ಅತಿಥಿ ಶಿಕ್ಷಕ, ಹಿರಿಯೂರು)

ಉತ್ತರ: ತರಬೇತಿ ಕೊಡದೆ ನಲಿಕಲಿ ಕೋಣೆಗೆ ಕಳಿಸಿದ್ದು ನಿಮಗೂ ಅನ್ಯಾಯ, ಮಕ್ಕಳಿಗೆ ಇನ್ನೂ ದೊಡ್ಡ ಅನ್ಯಾಯ. ನಿಮ್ಮ ಸಿಆರ್‌ಪಿಯವರನ್ನು (ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಂಪನ್ಮೂಲ ವ್ಯಕ್ತಿ) ಕೇಳಿ, ಪಕ್ಕದ ಶಾಲೆಯಲ್ಲಿ ಚೆನ್ನಾಗಿ ನಲಿಕಲಿ ಮಾಡುವವರ ತರಗತಿಯಲ್ಲಿ ಒಂದು ದಿನ ಪೂರ್ತಿ ಕೂತು ನೋಡಿ ಬನ್ನಿ.

ಅಲ್ಲಿಯವರೆಗೆ ಒಂದು ಮಾತು. ಬೋರ್ಡಿನ ಮೇಲೆ ಅ, ಆ, ಇ, ಈ ಬರೆದು ಶುರು ಮಾಡಬೇಡಿ. ನಲಿಕಲಿ ಕನ್ನಡ ಶುರುವಾಗೋದು ರ, ಗ, ಸ, ದ, ಅ ಇಂದ. ಈ ಐದೇ ಅಕ್ಷರ ಬಂದರೆ ಮಗು ಸರ, ಅರಸ, ದಸರ ಅಂತ ಓದಿಬಿಡುತ್ತೆ. ವರ್ಣಮಾಲೆ ಮುಗಿಯೋವರೆಗೂ ಕಾಯಬೇಕಿಲ್ಲ. ಹೊಸಬರು ಬಂದು ಹಳೇ ಕ್ರಮ ಹಿಡಿದರೆ ಎರಡು ತಿಂಗಳಿಂದ ಓದ್ತಿದ್ದ ಮಗು ತಬ್ಬಿಬ್ಬಾಗುತ್ತೆ. ‘ನಮ್ಮ ಮಗೂಗೆ ಅ ಆ ಇ ಈ ಯಾಕೆ ಹೇಳ್ಕೊಡ್ತಿಲ್ಲ’ ಅಂತ ಪೋಷಕರು ಜಗಳಕ್ಕೆ ಬಂದರೆ, ಮಗುವಿನ ಕೈಲಿ ‘ಅರಸ’ ಓದಿಸಿ ತೋರಿಸಿ, ಸುಮ್ಮನಾಗುತ್ತಾರೆ.

ಗೋಡೆ ಮೇಲೆ ಕಲಿಕಾ ಏಣಿ, ಅಂದರೆ ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಪಟ ಇರುತ್ತೆ ನೋಡಿ. ಅದರ ಮೆಟ್ಟಿಲಿನ ಲೋಗೋನೇ ಕಾರ್ಡಿನ ಮೇಲೂ ಇರುತ್ತೆ. ಯಾವ ಮಗು ಎಲ್ಲಿದೆ ಅಂತ ದಾಖಲೆ ಹುಡುಕುವ ಮೊದಲು ಮಗುವನ್ನೇ ಕೇಳಿ. ತನ್ನ ಮೆಟ್ಟಿಲು ಅದಕ್ಕೆ ಗೊತ್ತಿರುತ್ತೆ, ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತೆ. ಈ ಪದ್ಧತಿ ಹುಟ್ಟಿದ್ದು 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ. ಯುನಿಸೆಫ್ ನೆರವಿತ್ತು ನಿಜ, ಆದರೆ ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದು ಕಾರ್ಡು ಮಾಡಿದವರು ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. ನಿಮಗೂ ಬರುತ್ತೆ, ಹೆದರಬೇಡಿ.

ಪ್ರಶ್ನೆ: ಎಂಟು ವರ್ಷದಿಂದ ಅದೇ ಶಾಲೆಯಲ್ಲಿದ್ದೇನೆ. ನಮ್ಮನ್ನು ಕಾಯಂ ಮಾಡ್ತಾರಾ? (ಹೆಸರು ಬೇಡ, ಕೊಪ್ಪಳ ಜಿಲ್ಲೆ)

ಉತ್ತರ: ಈ ಉತ್ತರ ಬರೆಯೋಕೆ ನನಗೆ ಸಂಕಟವಾಗುತ್ತೆ, ಆದರೂ ಸುಳ್ಳು ಭರವಸೆ ಕೊಡಲ್ಲ. ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಾತ್ಕಾಲಿಕವಾಗಿ ತುಂಬಾ ವರ್ಷ ದುಡಿದಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋಕೆ ಬರಲ್ಲ ಅನ್ನೋದು ಅದರ ಸಾರ. ಆಗಲೇ ಹತ್ತು ವರ್ಷ ದಾಟಿದ್ದ ಕೆಲವರಿಗೆ ಒಂದು ಸಲದ ವಿನಾಯಿತಿ ಇತ್ತು. ಅದು ನಿಮಗೆ ಅನ್ವಯಿಸುವುದಿಲ್ಲ.

ಹೋರಾಟ ಬೇಡ ಅಂತ ಹೇಳ್ತಿಲ್ಲ. ತಿಂಗಳಿಗೆ ಸರಿಯಾಗಿ ಗೌರವಧನ, ಹೆರಿಗೆ ರಜೆ, ನೇಮಕಾತಿಯಲ್ಲಿ ಅನುಭವಕ್ಕೆ ಅಂಕ, ಇವೆಲ್ಲ ಕೇಳಲೇಬೇಕಾದ ಬೇಡಿಕೆಗಳು. ಆದರೆ ‘ಇಷ್ಟು ಕೊಡಿ, ಕಾಯಂ ಮಾಡಿಸ್ತೀನಿ’ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೇಮಕಾತಿಯ ವಯೋಮಿತಿ ಒಮ್ಮೆ ದಾಟಿದರೆ ಮತ್ತೆ ಸಿಗಲ್ಲ, ಹಾಗಾಗಿ ಮುಂದಿನ ಪರೀಕ್ಷೆ ಬರೆದೇ ಬಿಡಿ. ಪ್ರತಿ ವರ್ಷದ ಆದೇಶದ ಪ್ರತಿ, ಹಾಜರಾತಿಯ ಪ್ರತಿ, ಹೆಡ್‌ಮಾಸ್ಟರ್ ಸಹಿ ಮಾಡಿದ ಸೇವಾ ಪತ್ರ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಮಗಳ ಶಾಲೆಯಲ್ಲಿ ಒಂದೇ ವರ್ಷದಲ್ಲಿ ಮೂವರು ಅತಿಥಿ ಶಿಕ್ಷಕರು ಬದಲಾದರು. ಪೋಷಕರಾಗಿ ನಾವೇನು ಮಾಡಬಹುದು? (ತಂದೆ, ಶಿರಸಿ)

ಉತ್ತರ: ಬಿಟ್ಟುಹೋದವರನ್ನು ಬೈಯಬೇಡಿ. ತಿಂಗಳುಗಟ್ಟಲೆ ದುಡ್ಡು ಬರದಿದ್ದರೆ ಯಾರು ತಾನೇ ಉಳಿಯುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಖಾಲಿ ಇರಬಾರದು. ನಿಮ್ಮ ಶಾಲೆಯಲ್ಲಿ ಮಂಜೂರಾದದ್ದೆಷ್ಟು, ಖಾಲಿ ಎಷ್ಟು ಅಂತ ಹೆಡ್‌ಮಾಸ್ಟರ್ ಹತ್ತಿರ ಬರೆಸಿಕೊಳ್ಳಿ. ಅದನ್ನು ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿ ಬಿಇಒ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯದೆ ವಾಪಸ್ ಬರಬೇಡಿ. ಅದೇ ಠರಾವಿನಲ್ಲಿ ಅತಿಥಿ ಶಿಕ್ಷಕರಿಗೆ ಬಾಕಿ ಇರುವ ತಿಂಗಳುಗಳನ್ನೂ ಬರೆಯಿರಿ. ಅವರು ತಾವೇ ಕೇಳಿದರೆ ಮುಂದಿನ ವರ್ಷ ಕರೆಯಲ್ಲ ಅನ್ನೋ ಭಯ ಇರುತ್ತೆ. ನಿಮಗೆ ಆ ಭಯ ಇಲ್ಲ ಅಲ್ವಾ?