ಓದುಗರ ಪ್ರಶ್ನೆ: ಟೀನಾ ಬ್ರೂಕ್ಸ್ ಎಲ್‌ಪಿ, ಕರಕರ ಎನ್ನುವ ಸ್ಯಾಕ್ಸೊಫೋನ್

ಪ್ರಶ್ನೆ: ಜಾಝ್ ಸ್ಯಾಕ್ಸೊಫೋನ್ ವಾದಕ ಟೀನಾ ಬ್ರೂಕ್ಸ್ ಅವರ ‘ಮೈನರ್ ಮೂವ್’ ಎಲ್‌ಪಿಯನ್ನು (ವಿನೈಲ್ ತಟ್ಟೆ) ಬ್ಲೂ ನೋಟ್ ಕಂಪನಿಯ ‘ಟೋನ್ ಪೊಯೆಟ್’ ಸರಣಿಯ ಮರುಬಿಡುಗಡೆಯಲ್ಲಿ ಕೊಳ್ಳಲೋ, 1958ರ ಮೂಲ ಪ್ರತಿಗೆ ಕಾಯಲೋ? (ಧಾರವಾಡ)

ಉತ್ತರ: ಕಾದರೆ ಸಿಗುವುದಿಲ್ಲ, ಅಂಥ ಪ್ರತಿಯೇ ಇಲ್ಲ. ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಇದನ್ನು ಧ್ವನಿಮುದ್ರಿಸಿದ್ದು 1958ರ ಮಾರ್ಚ್ 16ರಂದು. ಲೀ ಮಾರ್ಗನ್, ಸಾನಿ ಕ್ಲಾರ್ಕ್, ಡಗ್ ವಾಟ್ಕಿನ್ಸ್, ಆರ್ಟ್ ಬ್ಲೇಕಿಯಂಥ ಹೆಸರಾಂತ ವಾದಕರು ಜೊತೆಗಿದ್ದರೂ ಬ್ಲೂ ನೋಟ್ ಕಂಪನಿ ಟೇಪನ್ನು ಕಪಾಟಿನಲ್ಲಿಟ್ಟಿತು. ತಟ್ಟೆಯಾಗಿ ಮೊದಲು ಬಂದದ್ದು 1980ರಲ್ಲಿ, ಜಪಾನಿನಲ್ಲಿ. ಬ್ರೂಕ್ಸ್ ಮುಂದಾಳಾಗಿ ನುಡಿಸಿದ ನಾಲ್ಕು ಆಲ್ಬಮ್‌ಗಳಲ್ಲಿ ಅವರು ಬದುಕಿದ್ದಾಗ ಹೊರಬಂದದ್ದು ‘ಟ್ರೂ ಬ್ಲೂ’ ಒಂದೇ. 1974ರಲ್ಲಿ ಅವರು ತೀರಿಕೊಂಡರು. ‘1958ರ ಒರಿಜಿನಲ್ ಮೈನರ್ ಮೂವ್’ ಎಂದು ಯಾರಾದರೂ ಮಾರಲು ಬಂದರೆ ಬೆಲೆ ಕೂಡ ಕೇಳಬೇಡಿ.

2019ರ ಟೋನ್ ಪೊಯೆಟ್ ಪ್ರತಿಯನ್ನು ಕೆವಿನ್ ಗ್ರೇ ಮೂಲ ಅನಲಾಗ್ ಟೇಪಿನಿಂದಲೇ ಕಟ್ ಮಾಡಿದ್ದಾರೆ, ಅಂದರೆ ಅಚ್ಚಿನ ಮೂಲ ತಟ್ಟೆ ಕೊರೆದಿದ್ದಾರೆ. ಕೇಳುವುದಕ್ಕಾದರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ. ಲೇಬಲ್ ಮತ್ತು ಕೊನೆಯ ಹಾಡಿನ ನಡುವಿನ ಖಾಲಿ ಪಟ್ಟಿಗೆ ಟಾರ್ಚನ್ನು ಓರೆಯಾಗಿ ಹಿಡಿದರೆ ‘ಕೆಪಿಜಿ@ಸಿಎ’ ಎಂಬ ಇಂಗ್ಲಿಷ್ ಅಕ್ಷರಗಳ ಗೀಚು ಕಾಣುತ್ತದೆ. ಅದು ಗ್ರೇ ಅವರ ಗುರುತು. ‘180 ಗ್ರಾಂ’ ಎಂಬ ಚೀಟಿಗೆ ಮರುಳಾಗಬೇಡಿ. ಸಿಡಿಯಿಂದ ಕೊರೆದ ತಟ್ಟೆಯೂ 180 ಗ್ರಾಂ ತೂಗಬಹುದು.

ಪ್ರಶ್ನೆ: ಅದೇ ಎಲ್‌ಪಿ. ಎರಡನೆಯ ಬದಿ ಚೆನ್ನಾಗಿ ಶುರುವಾಗಿ, ಕೊನೆಯ ಹಾಡಿಗೆ ಬರುವಾಗ ಸ್ಯಾಕ್ಸೊಫೋನ್ ಕರಕರ ಎನ್ನುತ್ತದೆ. ತಟ್ಟೆ ವಾಪಸ್ ಕಳಿಸಲೇ? (ಮಂಗಳೂರು)

ಉತ್ತರ: ಈಗಲೇ ಬೇಡ. ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗ್ರೂವ್ (ಸೂಜಿ ಓಡುವ ಗೀರು) ಹಾಯುತ್ತದೆ, ಒಳ ತುದಿಯಲ್ಲಿ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇರುಕಿಕೊಳ್ಳುತ್ತದೆ. ಟೆನರ್ ಸ್ಯಾಕ್ಸಿನ ಮೇಲಿನ ಸ್ವರಾಂಶಗಳ ಸಣ್ಣ ತಿರುವುಗಳನ್ನು ದುಂಡುಮೊನೆಯ ಸೂಜಿ ಹಿಡಿಯಲಾರದು.

ಮೊದಲು ಸೂಜಿಯ ಮೇಲಿನ ದೂಳು ತೆಗೆಯಿರಿ, ಹಿಂದಿನಿಂದ ಮುಂದಕ್ಕೆ ಮಾತ್ರ. ಸೂಜಿ ತಟ್ಟೆಯ ಮೇಲೆ ಒತ್ತುವ ಭಾರವನ್ನು ಡಿಜಿಟಲ್ ಮಾಪಕದಲ್ಲಿ ನೋಡಿ: ನಿಮ್ಮ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಪೆಟ್ಟಿಗೆ) ಆಡಿಯೊ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ, ಆರ್ಟಫಾನ್ 2ಎಂ ರೆಡ್ ಆದರೆ 1.8. ತಟ್ಟೆ ಸವೆಯದಿರಲಿ ಎಂದು ಭಾರ ಇಳಿಸುವವರಿದ್ದಾರೆ, ಅದರಿಂದ ಆಗುವುದು ಉಲ್ಟಾ. ಹಗುರಾದ ಸೂಜಿ ಗ್ರೂವಿನ ಗೋಡೆಗೆ ಕುಟ್ಟಿ ಕುಟ್ಟಿ ಗಾಯ ಮಾಡುತ್ತದೆ, ಆ ಗಾಯ ಮತ್ತೆ ಮಾಯುವುದಿಲ್ಲ. ಆಮೇಲೆ ಪ್ರೊಟ್ರಾಕ್ಟರ್ (ಕೋನ ನೋಡುವ ಗೆರೆಗಳ) ಹಾಳೆಯಿಟ್ಟು, ನಡುಗಂಬದಿಂದ 66 ಮಿ.ಮೀ. ಮತ್ತು 121 ಮಿ.ಮೀ. ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ನೇರವಾಗಿ ಕೂರುವ ಹಾಗೆ ಸ್ಕ್ರೂ ಸಡಿಲಿಸಿ ಸರಿಪಡಿಸಿ. ಒಂದೇ ಬಿಂದುವಿನಲ್ಲಿ ಸರಿಯಿದ್ದರೆ ಸಾಲದು. ಕರಕರ ಒಂದೇ ಸ್ಪೀಕರಿನಲ್ಲಿದ್ದರೆ ಆಂಟಿ-ಸ್ಕೇಟ್ (ಸೂಜಿಯ ತೋಳು ಒಳಕ್ಕೆ ಎಳೆಯದಂತೆ ತಡೆಯುವ) ತಿರುಪನ್ನು ಸೂಜಿಯ ಭಾರದಷ್ಟೇ ಅಂಕಿಗೆ ತನ್ನಿ.

ಇಷ್ಟಾದರೂ ಹೋಗದಿದ್ದರೆ ಸೂಜಿ ಬದಲಿಸಿ. ವಿಎಂ95 ಕಾರ್ಟ್ರಿಜ್‌ಗೆ ಸ್ಕ್ರೂ ಬಿಚ್ಚದೆಯೇ ಅದೇ ಸರಣಿಯ, ಮೊನೆ ಹೆಚ್ಚು ಸೂಕ್ಷ್ಮವಾದ ‘ಎಂಎಲ್’ ಸೂಜಿ ಸಿಕ್ಕಿಸಬಹುದು. ಒಳ ಗ್ರೂವುಗಳಲ್ಲಿ ಅದರ ವ್ಯತ್ಯಾಸ ಮೊದಲ ಸಲವೇ ಕೇಳಿಸುತ್ತದೆ.

ವಾಪಸ್ ಕಳಿಸಬೇಕಾದ ದೋಷಗಳು ಬೇರೆ. ತೊಳೆದ ಮೇಲೂ ಅದೇ ಜಾಗದಲ್ಲಿ ಬಟ್ಟೆ ಹರಿದಂತೆ ಸದ್ದು ಬಂದರೆ ಅಲ್ಲಿ ವಿನೈಲ್ ಅಚ್ಚು ತುಂಬಿಲ್ಲ. ನೀಳ ಸ್ವರ 1.8 ಸೆಕೆಂಡಿಗೊಮ್ಮೆ, ಅಂದರೆ ಸುತ್ತಿಗೊಮ್ಮೆ, ಏರಿಳಿದರೆ ನಡುವಿನ ತೂತು ಕೇಂದ್ರ ತಪ್ಪಿದೆ. ಅರ್ಧ ಮಿ.ಮೀ. ತಪ್ಪಿದರೂ ಒಳ ತುದಿಯಲ್ಲಿ ಶ್ರುತಿ ಶೇ. 0.8ರಷ್ಟು ಆಚೀಚೆ ಆಗುತ್ತದೆ. ಈ ಬದಿ ಮುಗಿಯುವುದೇ ನಿಧಾನಗತಿಯ ಹಾಡಿನಿಂದ, ಹಾಗಾಗಿ ಮುಚ್ಚಿಡಲಾಗದು.

ಪ್ರಶ್ನೆ: ಮಳೆಗಾಲದಲ್ಲಿ ತಟ್ಟೆಗೆ ಬೂಷ್ಟು ಹಿಡಿದರೆ? (ಉಡುಪಿ)

ಉತ್ತರ: ಡಿಸ್ಟಿಲ್ಡ್ ನೀರಿಗೆ ಶೇ. 20 ಮೀರದಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಮೈಕ್ರೊಫೈಬರ್ ಬಟ್ಟೆಯಿಂದ ಗ್ರೂವಿನ ದಿಕ್ಕಿನಲ್ಲೇ ಒರೆಸಿ. ಲೇಬಲ್ ನೆನೆಯಬಾರದು. ಹಳೆಯ 78 ಆರ್‌ಪಿಎಂ ಅರಗಿನ ತಟ್ಟೆಗೆ ಮಾತ್ರ ಆಲ್ಕೊಹಾಲ್ ಸೋಕಿಸಬೇಡಿ, ಕರಗಿಹೋಗುತ್ತದೆ. ಕಾಗದದ ಒಳಚೀಲವೇ ಬೂಷ್ಟಿನ ಮನೆ. ಅದನ್ನು ಎಸೆದು ಪಾಲಿಥೀನ್ ಚೀಲ ಹಾಕಿ, ತಟ್ಟೆಗಳನ್ನು ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿಡಿ.