ತಾರ ಷಡ್ಜವಿಲ್ಲದ ಸ್ವರಶ್ರೇಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಹಳ ವರ್ಷಗಳಿಂದ ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದೇನೆ. ಪಾಶ್ಚಾತ್ಯರಲ್ಲಿ ಕೆಲವರು ಮೇಲಿನ ಷಡ್ಜವನ್ನೇ ಕೈಬಿಟ್ಟು ಹದಿಮೂರು ಮೆಟ್ಟಿಲುಗಳ ಒಂದು ಸ್ವರಶ್ರೇಣಿಯನ್ನು ಕಟ್ಟಿದ್ದಾರೆಂದು ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಹೇಳುತ್ತಾಳೆ. ಸಾ ಎಂಬುದು ಮತ್ತೆ ಸಾ ಆಗಿ ಬರದಿದ್ದರೆ ಅದು ಸಂಗೀತವಾಗುವುದು ಹೇಗೆ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಅವರು ಹೇಳುತ್ತಿರುವುದು ಬೋಲನ್–ಪಿಯರ್ಸ್ ಶ್ರೇಣಿಯ ವಿಷಯ. ಜರ್ಮನಿಯ ಇಂಜಿನಿಯರ್ ಹೈಂಟ್ಸ್ ಬೋಲನ್ 1970ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅದೇ ದಶಕದಲ್ಲಿ ನೆದರ್ಲೆಂಡ್ಸ್‌ನ ಕೇಸ್ ಫಾನ್ ಪ್ರೋಯೆನ್ ಅವರೂ, 1984ರಲ್ಲಿ ಅಮೆರಿಕದ ಜಾನ್ ಪಿಯರ್ಸ್ ಅವರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ ಇದೇ ಶ್ರೇಣಿಗೆ ಬಂದು ಮುಟ್ಟಿದರು. ಟ್ರಾನ್ಸಿಸ್ಟರಿಗೆ ಆ ಹೆಸರನ್ನಿಟ್ಟವರು ಇದೇ ಪಿಯರ್ಸ್. ಮೂವರು ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೇ ಜಾಗಕ್ಕೆ ಬಂದರೆಂದರೆ ಅದಕ್ಕೊಂದು ಗಟ್ಟಿಯಾದ ಆಧಾರ ಇರಲೇಬೇಕು. ಆ ಆಧಾರವನ್ನು ತಿಳಿಯಲು ಮೊದಲು ನಮ್ಮ ತಾರ ಷಡ್ಜ ಏಕೆ ಷಡ್ಜದಂತೆಯೇ ಕೇಳುತ್ತದೆ ಎಂಬುದನ್ನು ನೋಡಬೇಕು.

ನಿಮ್ಮ ಸಾ ಸೆಕೆಂಡಿಗೆ 240 ಕಂಪನಗಳದ್ದು ಎಂದು ಇಟ್ಟುಕೊಳ್ಳೋಣ. ತಂತಿಯಾಗಲಿ ರೀಡಾಗಲಿ ಆ ಒಂದೇ ಕಂಪನವನ್ನು ಹೊರಡಿಸುವುದಿಲ್ಲ. ಅದರೊಂದಿಗೆ 480, 720, 960, 1200 ಹೀಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳೂ ಸಣ್ಣಗೆ ನುಡಿಯುತ್ತಿರುತ್ತವೆ. ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವು ತಾನಾಗಿ ಕೇಳಿಸುತ್ತದಲ್ಲವೇ, ನಾವು ಸ್ವಯಂಭೂ ಗಾಂಧಾರವೆನ್ನುವ ಅದು ಈ ಐದು ಪಟ್ಟಿನ ಉಪಸ್ವರವೇ. ಈಗ ತಾರ ಷಡ್ಜವನ್ನು, ಎಂದರೆ 480ನ್ನು, ನುಡಿಸಿದರೆ ಅದರ ಉಪಸ್ವರಗಳು 960, 1440, 1920. ಇವೆಲ್ಲವೂ ಮಧ್ಯ ಷಡ್ಜದ ಒಡಲಲ್ಲಿ ಮೊದಲೇ ಇದ್ದವು. ಹೊಸದಾಗಿ ಒಂದೂ ಬರಲಿಲ್ಲ. ಆದುದರಿಂದಲೇ ಗಂಡಸರೂ ಹೆಂಗಸರೂ ಒಂದೇ ಭಜನೆಯನ್ನು ತಮ್ಮ ತಮ್ಮ ಸ್ಥಾಯಿಯಲ್ಲಿ ಕೂಡಿ ಹಾಡಿದಾಗ ನಮಗೆ ಅದು ಒಂದೇ ಹಾಡಾಗಿ ಕೇಳುತ್ತದೆ.

ಆದರೆ ಒಂದು ವಾದ್ಯದಲ್ಲಿ ಬೆಸ ಸಂಖ್ಯೆಯ ಉಪಸ್ವರಗಳು ಮಾತ್ರ ಹೊರಡುವುದಾದರೆ ಲೆಕ್ಕವೇ ಬದಲಾಗುತ್ತದೆ. ಆಗ 240ರ ಜೊತೆಗೆ ಇರುವುದು 720, 1200, 1680, 2160 ಇತ್ಯಾದಿ. ಅಂಥ ವಾದ್ಯದಲ್ಲಿ 480ನ್ನು ನುಡಿಸಿದರೆ ಅದರ ಉಪಸ್ವರಗಳಾದ 1440, 2400 ಮುಂತಾದವು ಮೊದಲನೆಯ ಸ್ವರದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಬದಲಿಗೆ ಮೂರು ಪಟ್ಟಿನ 720ನ್ನು ನುಡಿಸಿ ನೋಡಿ: ಅದರ ಉಪಸ್ವರಗಳಾದ 2160, 3600 ಎಲ್ಲವೂ ಮೊದಲೇ ಇವೆ. ನಮ್ಮ ಸಂಗೀತದಲ್ಲಿ ತಾರ ಷಡ್ಜ ಮಾಡುವ ಕೆಲಸವನ್ನು ಇಲ್ಲಿ ಈ 720, ಎಂದರೆ ನಮ್ಮ ಲೆಕ್ಕದ ತಾರ ಪಂಚಮ, ವಹಿಸಿಕೊಳ್ಳುತ್ತದೆ. ಬೋಲನ್–ಪಿಯರ್ಸ್ ಶ್ರೇಣಿಯು ಮಧ್ಯ ಷಡ್ಜದಿಂದ ತಾರ ಪಂಚಮದವರೆಗಿನ ಈ ಹರವನ್ನು ಹದಿಮೂರು ಸಮ ಮೆಟ್ಟಿಲುಗಳಾಗಿ ಕತ್ತರಿಸುತ್ತದೆ. ಒಂದು ಮೆಟ್ಟಿಲು ಪೇಟಿಯ ಒಂದೂವರೆ ಕೀಯಷ್ಟು ದೂರವಿರುತ್ತದೆ. ಸರಿಯಾಗಿ ಹೇಳುವುದಾದರೆ ಸುಮಾರು 146 ಸೆಂಟ್ (ಸೆಂಟ್ ಎಂಬುದು ಸ್ವರಗಳ ಅಂತರವನ್ನು ಅಳೆಯುವ ಮಾನ; ಒಂದು ಸ್ಥಾಯಿಗೆ, ಎಂದರೆ ಸಾದಿಂದ ಮೇಲಿನ ಸಾವರೆಗೆ, 1200 ಸೆಂಟ್).

ಹದಿಮೂರೇ ಏಕೆ ಎಂಬುದು ಮುಂದಿನ ಪ್ರಶ್ನೆಯಾಗುತ್ತದೆ. ಬೆಸ ಸಂಖ್ಯೆಗಳ ಈ ಲೋಕದಲ್ಲಿ ಹಿತವಾಗಿ ಕೂಡುವ ಮೂರು ಸ್ವರಗಳೆಂದರೆ 3, 5, 7ರ ಅನುಪಾತದವು: 240, 400, 560. ಹದಿಮೂರು ಸಮಪಾಲು ಮಾಡಿದಾಗ ಆರನೆಯ ಮೆಟ್ಟಿಲು 398.5ಕ್ಕೂ ಹತ್ತನೆಯದು 558.8ಕ್ಕೂ ಬಂದು ನಿಲ್ಲುತ್ತವೆ. ಇದು ಒಳ್ಳೆಯ ಹೊಂದಾಣಿಕೆ. ನಿಮ್ಮ ಪೇಟಿಯ ಗಾಂಧಾರದೊಂದಿಗೆ ಇದನ್ನು ಹೋಲಿಸಿ. ಅದು ಶುದ್ಧವಾಗಿ 300 ಇರಬೇಕಾದದ್ದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದರಿಂದ 302.4ಕ್ಕೆ ಏರಿದೆ, ಮತ್ತು ಸಾ–ಗ ಎರಡನ್ನೂ ಒತ್ತಿ ಹಿಡಿದರೆ ಮೇಲಿನ ಉಪಸ್ವರಗಳಲ್ಲಿ ಸೆಕೆಂಡಿಗೆ ಒಂಬತ್ತು–ಹತ್ತು ಬಾರಿ ನಡುಕ ಕೇಳಿಸುತ್ತದೆ. ಚಿಂದೋಡಿ ವೀರಪ್ಪನವರ ಕಾಲದಿಂದ ಕಂಪನಿ ನಾಟಕಗಳನ್ನು ಕಂಡ ದಾವಣಗೆರೆಗೆ ಪೇಟಿಯ ಮೇಲೆ ಅಕ್ಕರೆ ಇರುವುದು ಸಹಜ, ನನಗೂ ಇದೆ. ಆದರೆ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿಟ್ಟಾಗ ವಿದ್ವಾಂಸರು ಎತ್ತಿದ್ದ ಆಕ್ಷೇಪಗಳಲ್ಲಿ ಈ ಸಮಪಾಲಿನ ಶ್ರುತಿದೋಷವೂ ಒಂದು ಎಂಬುದನ್ನು ಮರೆಯಬಾರದು. ಯಾವ ಸಮಪಾಲಿನಲ್ಲಿಯೂ ಒಂದಷ್ಟು ರಾಜಿ ಇದ್ದೇ ಇರುತ್ತದೆ.

ಇನ್ನು ಇದು ಸಂಗೀತವೇ ಎಂಬ ನಿಮ್ಮ ಮೂಲ ಪ್ರಶ್ನೆ. ಸಂಗೀತವೇ ಹೌದು, ಆದರೆ ಅದಕ್ಕೆ ಒಪ್ಪುವ ನಾದ ಸಿಕ್ಕಾಗ ಮಾತ್ರ. ಸ್ವರಗಳ ಅಂತರವನ್ನೂ ವಾದ್ಯದ ನಾದಗುಣವನ್ನೂ ಬೇರೆ ಬೇರೆ ಮಾಡಿ ನೋಡಲು ಬರುವುದಿಲ್ಲ ಎಂಬುದೇ ಈ ಇಡೀ ಪ್ರಯೋಗದಿಂದ ನಾವು ಕಲಿಯಬೇಕಾದ ಪಾಠವೆಂದು ನನ್ನ ಅಭಿಪ್ರಾಯ. ಜಾವಾ, ಬಾಲಿ ದ್ವೀಪಗಳ ಗಮೆಲಾನ್ ವಾದ್ಯಮೇಳದ ಕಂಚಿನ ಪಟ್ಟಿಗಳಲ್ಲಿ ಉಪಸ್ವರಗಳು ಎರಡು ಪಟ್ಟು, ಮೂರು ಪಟ್ಟು ಎಂಬ ಸರಳ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿನ ಸ್ಥಾಯಿಯೂ ಎಷ್ಟೋ ಕಡೆ ನಿಖರವಾಗಿ ಎರಡು ಪಟ್ಟಿಗೆ ನಿಲ್ಲದೆ ಸ್ವಲ್ಪ ಹಿಗ್ಗಿರುತ್ತದೆ. ಅವರ ಕಿವಿಗೆ ಅದೇ ಸರಿ.

ಪ್ರಶ್ನೆ: ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತೇನೆ. ಇಂಥ ಶ್ರೇಣಿಗಳಿಗೆ ಕ್ಲಾರಿನೆಟ್ಟೇ ಸೂಕ್ತವೆಂದು ಕೇಳಿದ್ದೇನೆ. ಕಾರಣವೇನು? ನನ್ನ ವಾದ್ಯದಲ್ಲಿ ನುಡಿಸಬಹುದೇ?
– ಓದುಗರು, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಕಾರಣ ನಿಮ್ಮ ಎಡಗೈ ಹೆಬ್ಬೆರಳಿನ ಹತ್ತಿರವೇ ಇದೆ. ಕೆಳಗಿನ ಒಂದು ಸ್ವರವನ್ನು ಊದುತ್ತಾ, ಉಳಿದ ಬೆರಳುಗಳನ್ನು ಕದಲಿಸದೆ, ಹೆಬ್ಬೆರಳಿನ ಮೇಲ್ಗಡೆಯ ರಿಜಿಸ್ಟರ್ ಕೀಯನ್ನು ಒತ್ತಿದರೆ ಸ್ವರವು ತಾರ ಷಡ್ಜಕ್ಕೆ ಹೋಗುವುದಿಲ್ಲ; ನೇರವಾಗಿ ತಾರ ಪಂಚಮಕ್ಕೆ ಹಾರುತ್ತದೆ. ಕೊಳಲು ಎರಡು ತುದಿಯಲ್ಲಿಯೂ ತೆರೆದ ಕೊಳವೆಯಾದುದರಿಂದ ಜೋರಾಗಿ ಊದಿದರೆ ಎರಡು ಪಟ್ಟಿಗೆ ಏರುತ್ತದೆ. ಶಹನಾಯಿ, ನಾಗಸ್ವರಗಳ ಕೊಳವೆ ಕೆಳಗೆ ಅಗಲವಾಗುತ್ತಾ ಹೋಗುವುದರಿಂದ ಅವೂ ಹಾಗೆಯೇ ಏರುತ್ತವೆ. ಕ್ಲಾರಿನೆಟ್ ಮಾತ್ರ ಬಹುಮಟ್ಟಿಗೆ ಒಂದೇ ಅಗಲದ ಕೊಳವೆ, ಅದರ ರೀಡಿನ ತುದಿ ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಅಂಥ ಕೊಳವೆಯಲ್ಲಿ ಒಂದು, ಮೂರು, ಐದು ಪಟ್ಟಿನ ಕಂಪನಗಳು ಬಲವಾಗಿಯೂ ಎರಡು, ನಾಲ್ಕು ಪಟ್ಟಿನವು ಬಹಳ ಕ್ಷೀಣವಾಗಿಯೂ ಇರುತ್ತವೆ. ಈ ಗುಣ ಕೆಳಗಿನ ಸ್ವರಗಳಲ್ಲಿ ಸ್ಪಷ್ಟವಾಗಿರುತ್ತದೆ, ಮೇಲೆ ಹೋದಂತೆ ಕಡಿಮೆಯಾಗುತ್ತದೆ.

ನಿಮ್ಮ ಈಗಿನ ವಾದ್ಯದಲ್ಲಿ ಶ್ರೇಣಿಯನ್ನು ಪೂರ್ತಿಯಾಗಿ ನುಡಿಸುವುದು ಕಷ್ಟ, ಏಕೆಂದರೆ ಅದರ ರಂಧ್ರಗಳನ್ನು ಹನ್ನೆರಡು ಸ್ವರಗಳ ಲೆಕ್ಕಕ್ಕೆ ಕೊರೆಯಲಾಗಿದೆ. ಕೆನಡಾದ ಟೊರಾಂಟೊದಲ್ಲಿ ಸ್ಟೀಫನ್ ಫಾಕ್ಸ್ ಎಂಬ ಕುಶಲಿಗರು ಈ ಶ್ರೇಣಿಗೆಂದೇ ಕ್ಲಾರಿನೆಟ್‌ಗಳನ್ನು ತಯಾರಿಸಿದ್ದಾರೆ. ಷಡ್ಜದಿಂದ ತಾರ ಪಂಚಮದವರೆಗೆ ಮಾಮೂಲಿ ಕ್ಲಾರಿನೆಟ್ಟಿಗೆ ಹತ್ತೊಂಬತ್ತು ಮೆಟ್ಟಿಲು ಬೇಕಾದರೆ ಇದಕ್ಕೆ ಹದಿಮೂರು ಸಾಕು, ಹೀಗಾಗಿ ಕೀಗಳ ಗೊಂದಲವೂ ಕಡಿಮೆ. ರಾಯಚೂರು ಸೀಮೆಯ ಪಂಡಿತ ನರಸಿಂಹಲು ವಡವಾಟಿಯವರು ಇದೇ ಪಾಶ್ಚಾತ್ಯ ವಾದ್ಯದಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ತೋರಿಸಿದವರು. ತುಟಿಯ ಹಿಡಿತದಿಂದಲೂ ಬೆರಳಿನ ಜಾರುವಿಕೆಯಿಂದಲೂ ಕೊರೆದ ರಂಧ್ರವನ್ನು ಎಷ್ಟು ದೂರ ಮೀರಬಹುದೆಂಬುದಕ್ಕೆ ಅವರ ವಾದನವನ್ನು ಕೇಳಬೇಕು.

ಪ್ರಶ್ನೆ: ನಮ್ಮ 22 ಶ್ರುತಿಗಳೂ ಇಂಥದೇ ಪದ್ಧತಿಯೇ? ಈ ಹೊಸ ಶ್ರೇಣಿಯಲ್ಲಿ ರಾಗ ಹಾಡಬಹುದೇ? ಮನೆಯಲ್ಲಿ ಕೇಳಿ ನೋಡುವ ದಾರಿಯಿದ್ದರೆ ತಿಳಿಸಿ.
– ಓದುಗರು, ಚಳ್ಳಕೆರೆ

ಉತ್ತರ: ಭರತನ ನಾಟ್ಯಶಾಸ್ತ್ರದ 22 ಶ್ರುತಿಗಳು ಒಂದು ಸ್ಥಾಯಿಯ ಒಳಗಿನ ವಿಭಾಗಗಳು, ಆದುದರಿಂದ ಅವು ಬೇರೆ. ರಾಗದ ವಿಷಯದಲ್ಲಿ ನನ್ನ ಉತ್ತರ ಖಚಿತವಾಗಿ ಇಲ್ಲ ಎಂಬುದೇ. ಈ ಶ್ರೇಣಿಯಲ್ಲಿ ಮಧ್ಯ ಸ್ಥಾಯಿಯ ಪಂಚಮವಿಲ್ಲ. 360 ಇರಬೇಕಾದ ಕಡೆ 366 ಇದೆ. ಶುದ್ಧ ಮಧ್ಯಮವೂ ಇಲ್ಲ. ತಾರ ಷಡ್ಜದ 480ರ ಬದಲು ಎಂಟನೆಯ ಮೆಟ್ಟಿಲು 472ಕ್ಕೆ ನಿಲ್ಲುತ್ತದೆ. ತಂಬೂರಿಯ ಮುಂದೆ ಇದನ್ನು ಹಾಡಿದರೆ ಅಪಸ್ವರವಲ್ಲದೆ ಬೇರೇನೂ ಕೇಳಿಸದು.

ಕೇಳಿ ನೋಡಲು ಎರಡು ಮೊಬೈಲ್‌ಗಳು ಸಾಕು. ಎರಡರಲ್ಲಿಯೂ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಒಂದರಲ್ಲಿ 240ನ್ನೂ ಇನ್ನೊಂದರಲ್ಲಿ 472ನ್ನೂ ಇಟ್ಟು, ಮೊದಲು ಸಾಟೂತ್ ಎಂಬ ತರಂಗವನ್ನು ಆರಿಸಿ. ಅದರಲ್ಲಿ ಎಲ್ಲ ಉಪಸ್ವರಗಳೂ ಇರುವುದರಿಂದ 480ಕ್ಕೂ 472ಕ್ಕೂ ತಿಕ್ಕಾಟವಾಗಿ ಸೆಕೆಂಡಿಗೆ ಎಂಟು ಬಾರಿ ನಡುಗುವ ಒರಟು ನಾದ ಬರುತ್ತದೆ. ಆಮೇಲೆ ಎರಡನ್ನೂ ಸ್ಕ್ವೇರ್ ತರಂಗಕ್ಕೆ ಬದಲಾಯಿಸಿ. ಅದರಲ್ಲಿ ಬೆಸ ಉಪಸ್ವರಗಳಷ್ಟೇ ಇರುತ್ತವೆ, ಆ ನಡುಕ ಬಹುಮಟ್ಟಿಗೆ ಅಡಗುತ್ತದೆ. ಮೂರನೆಯ ಮೊಬೈಲ್ ಸಿಕ್ಕರೆ ಅದೇ ಸ್ಕ್ವೇರ್ ತರಂಗದಲ್ಲಿ 240, 400, 560 ಮೂರನ್ನೂ ಒಟ್ಟಿಗೆ ನುಡಿಸಿ. ಧ್ವನಿ ಸಣ್ಣದಾಗಿರಲಿ, ಮತ್ತು ತೀರ್ಮಾನಕ್ಕೆ ಬರುವ ಮೊದಲು ಕಿವಿಗೆ ಸ್ವಲ್ಪ ಹೊತ್ತು ಕೊಡಿ. ನಮ್ಮ ಸಾ–ಗ–ಪ ಮೇಳಕ್ಕೆ ಒಗ್ಗಿದ ಕಿವಿಗೆ ಇದು ಮೊದಲು ಅಪರಿಚಿತವಾಗಿಯೇ ಕೇಳುತ್ತದೆ.