ಘಾಟಿ ಇಳಿಯುವಾಗ ಮುಂದೆ ಯಾರು ನಡೆಯಬೇಕು?

ಪ್ರಶ್ನೆ: ನನಗೆ 58 ವರ್ಷ, ಪತ್ನಿಗೆ 53. ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರಿದ್ದೇವೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಒಂದೇ ಹಗಲಿನಲ್ಲಿ ಇಳಿಯುವ ಯೋಚನೆಯಿದೆ. ಅಭ್ಯಾಸಕ್ಕೆಂದು 12 ಕಿ.ಮೀ. ನಡೆದಾಗ ನಾನು ಮತ್ತೆ ಮತ್ತೆ ಮುಂದೆ ಹೋಗಿ ಆಕೆಗಾಗಿ ಕಾಯಬೇಕಾಯಿತು. ಆಕೆ ಮನೆ ಸೇರುವಷ್ಟರಲ್ಲಿ ಸೋತುಹೋಗಿದ್ದಳು, ಬೇಸರವೂ ಆಗಿತ್ತು. ಇಬ್ಬರೂ ಒಟ್ಟಿಗೆ ನಡೆಯುವುದು ಹೇಗೆ?
– ಓದುಗರು, ಬೇಲೂರು

ಉತ್ತರ: ನಿಮ್ಮ ಪತ್ನಿ ಸೋತುಹೋಗಲು ನೀವು ಕಾದ ರೀತಿಯೇ ಕಾರಣವಾಗಿರಬಹುದು. ಮುಂದೆ ಹೋದವರು ಮರದ ನೆರಳಿನಲ್ಲಿ ಕುಳಿತು ಸುಧಾರಿಸಿಕೊಂಡಿರುತ್ತಾರೆ. ಹಿಂದಿನವರು ಬಂದು ಸೇರಿದ ಕೂಡಲೇ ‘ಹೊರಡೋಣವೇ’ ಎಂದು ಎದ್ದುಬಿಡುತ್ತಾರೆ. ಹೀಗೆ ವಿಶ್ರಾಂತಿ ನಿಜವಾಗಿ ಬೇಕಾದವರಿಗೇ ಅದು ದಿನವಿಡೀ ಸಿಗುವುದಿಲ್ಲ. ಇದೇ ಘಾಟಿಯಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ, ಮಧ್ಯಾಹ್ನದ ಹೊತ್ತಿಗೆ ನನ್ನ ಪತ್ನಿ ಮಾತನ್ನೇ ನಿಲ್ಲಿಸಿದ್ದು ಇಂದಿಗೂ ನೆನಪಿದೆ. ಆದ್ದರಿಂದ ಆಕೆಯೇ ಮುಂದೆ ನಡೆಯಲಿ, ನೀವು ನಾಲ್ಕು ಹೆಜ್ಜೆ ಹಿಂದಿರಿ. ಗಂಟೆಗೊಮ್ಮೆ ಹತ್ತು ನಿಮಿಷ ಇಬ್ಬರೂ ಒಟ್ಟಿಗೇ ಕುಳಿತುಕೊಳ್ಳಿ. ಗಂಟೆಗೆ 4 ಕಿ.ಮೀ.ಗಿಂತ ಹೆಚ್ಚಿನ ಲೆಕ್ಕ ಹಾಕಬೇಡಿ.

ಇಳಿಜಾರು ಸುಲಭವೆಂದು ಭಾವಿಸದಿರಿ. ಇಳಿಯುವಾಗ ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆದು ನಿಲ್ಲಿಸುವುದು ತೊಡೆಯ ಮುಂಭಾಗದ ಸ್ನಾಯು. ಅದು ಎಳೆತಕ್ಕೊಳಗಾಗುತ್ತಲೇ ದುಡಿಯುವುದರಿಂದ ನೋವು ಅಂದೇ ಕಾಣಿಸಿಕೊಳ್ಳದೆ ಮರುದಿನ, ಅದರ ಮರುದಿನ ಹೆಚ್ಚಾಗುತ್ತದೆ. ನಿಮಗೆ ಆಗ ಉಜಿರೆಯ ಕಡೆಗಿನ ನಡಿಗೆ ಇನ್ನೂ ಉಳಿದಿರುತ್ತದೆ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ತುಸು ಬಾಗಿರಲಿ, ಕೈಯಲ್ಲೊಂದು ಕೋಲಿರಲಿ. ಹೊರಡುವ ಮೊದಲಿನ ವಾರಗಳಲ್ಲಿ ಸಮತಟ್ಟಾದ ರಸ್ತೆಯಲ್ಲಷ್ಟೇ ನಡೆಯದೆ, ಹತ್ತಿರದ ಯಾವುದಾದರೂ ಬೆಟ್ಟದ ಮೆಟ್ಟಿಲುಗಳನ್ನು ಇಳಿದು ಅಭ್ಯಾಸ ಮಾಡಿ. ಕಾಲುಗುರುಗಳನ್ನು ಎರಡು ಮೂರು ದಿನ ಮುಂಚೆಯೇ ಕತ್ತರಿಸಿಕೊಳ್ಳಿ, ಇಲ್ಲವಾದರೆ ಇಳಿಯುವಾಗ ಶೂ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ.

ಬೆಳಕು ಹರಿದ ಮೇಲೆಯೇ ಹೊರಡಿ; ಘಾಟಿಯಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಬೇರೆ ಯಾತ್ರಿಕರ ಗುಂಪಿನ ಜೊತೆಗಿರುವುದು ಒಳ್ಳೆಯದು. ರಸ್ತೆಯ ಬಲಬದಿಯಲ್ಲಿ ನಡೆದರೆ ಎದುರಿನ ವಾಹನ ಕಾಣುತ್ತದೆ, ಆದರೆ ಬಲಕ್ಕೆ ತಿರುಗುವ ಕಡಿದಾದ ತಿರುವಿನಲ್ಲಿ ಮೊದಲೇ ಜಾಗರೂಕತೆಯಿಂದ ರಸ್ತೆ ದಾಟಿ ಹೊರಬದಿಗೆ ಬನ್ನಿ. ಮೇಲೆ ಬೆಳಗಿನ ಚಳಿಯಿದ್ದರೂ ಕೆಳಗಿಳಿಯುತ್ತಿದ್ದಂತೆ ಕರಾವಳಿಯ ಸೆಕೆ ತಟ್ಟುತ್ತದೆ. ಶಿವರಾತ್ರಿಯ ಸಮಯದಲ್ಲಿ ದಾರಿಯಲ್ಲಿ ಭಕ್ತರು ಮಜ್ಜಿಗೆ, ಪಾನಕ, ಕಲ್ಲಂಗಡಿ ಹಂಚುತ್ತಾರೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರಿಗಿಂತ ಉಪ್ಪು ಹಾಕಿದ ಮಜ್ಜಿಗೆ ಹಿತ. ರಕ್ತದೊತ್ತಡ ಇರುವವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಬೇಕು.

ಪ್ರಶ್ನೆ: ದೂರ ನಡೆದಾಗ ಅಂಗಾಲಿನಲ್ಲಿ ಏಳುವ ಬೊಬ್ಬೆಯನ್ನು ಒಡೆಯಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಒಡೆಯದಿರುವುದೇ ಉತ್ತಮ, ಏಕೆಂದರೆ ಮೇಲಿನ ಚರ್ಮವೇ ಒಳಗಿನ ಗಾಯಕ್ಕೆ ರಕ್ಷಣೆ. ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆಗಲೇ ನಿಂತು, ಕಾಲು ಒರೆಸಿ, ಅಂಟುಪಟ್ಟಿ ಹಚ್ಚಿ, ಒಣಗಿದ ಕಾಲುಚೀಲ ತೊಟ್ಟುಕೊಳ್ಳಿ. ಜೊತೆಗಿರುವವರು ಕಾಯಬೇಕಾಗುತ್ತದೆಂಬ ಸಂಕೋಚದಿಂದ ಹಾಗೆಯೇ ನಡೆದುಬಿಡುವವರೇ ಹೆಚ್ಚು. ಆ ಸಂಕೋಚ ಬೇಡ. ಸಕ್ಕರೆ ಕಾಯಿಲೆಯಿರುವವರು ಪ್ರತಿ ವಿಶ್ರಾಂತಿಯಲ್ಲೂ ಅಂಗಾಲನ್ನು ಜೊತೆಯವರಿಂದ ನೋಡಿಸಿಕೊಳ್ಳಬೇಕು, ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಅವರಿಗೆ ಆ ಚುರುಗುಟ್ಟುವಿಕೆಯೇ ತಿಳಿಯದು.